ಸಂಪಾಜೆಯಿಂದ ತಂದ ಬಾಲ್ಸಾ ಕಟ್ಟು

ಮಡಿಕೇರಿಯಲ್ಲಿ ನನ್ನದೊಂದು ಹೊಲಿಗೆ ಅಂಗಡಿ ಇದೆ. ಬ್ಲೌಸ್, ಚೂಡಿದಾರ್, ಶಾಲೆಯ ಯೂನಿಫಾರಂ ಹೊಲಿಯುತ್ತೇನೆ. ವಿಮಾನಕ್ಕೂ ನನಗೂ ಯಾವ ಸಂಬಂಧವೂ ಇರಲಿಲ್ಲ. ನಾಲ್ಕು ವರ್ಷದ ಹಿಂದೆ ಕಾಲೇಜಿನ ಫಿಸಿಕ್ಸ್ ಲೆಕ್ಚರರ್ ಒಬ್ಬರು ಒಂದು ಗ್ಲೈಡರ್ ತಂದು ಕೌಂಟರ್ ಮೇಲಿಟ್ಟರು. ಮೋಟಾರ್ ಇಲ್ಲದ, ಗಾಳಿಪಟದ ಹಾಗೆ ದಾರ ಕಟ್ಟಿ ಏರಿಸುವ ಮಾದರಿ ವಿಮಾನ. ರೆಕ್ಕೆಗೆ ಹೊದಿಸಿದ್ದ ತೆಳು ರೇಷ್ಮೆ ಸೀಳಿತ್ತು. "ಇದನ್ನ ಹೊಲಿಯಕ್ಕಾಗತ್ತಾ ನೋಡಿ ಮೇಡಂ" ಅಂದರು. ಸೀಳಿನೊಳಗೆ ಇಣುಕಿದೆ. ಹಕ್ಕಿಯ ಎಲುಬಿನಷ್ಟು ಹಗುರವಾದ ಮರದ ಪಕ್ಕೆಗಳು ಸಾಲಾಗಿ ನಿಂತಿದ್ದವು. ಅವತ್ತಿನಿಂದ ನನಗೂ ಆ ಹುಚ್ಚು ಹಿಡಿಯಿತು.

ಪ್ಲಾನ್ ಓದುವುದು ನನಗೆ ಕಷ್ಟವಾಗಲಿಲ್ಲ. ಅದೂ ಒಂದು ರೀತಿ ಕಟಿಂಗ್ ಪೇಪರೇ. ಕಷ್ಟವಾಗಿದ್ದು ಮರ. ಇಂಥ ವಿಮಾನಕ್ಕೆ ಬೇಕಾದ ಹಗುರ ಮರ ಬಾಲ್ಸಾ, ನಮ್ಮ ಕಡೆ ಯಾವ ಮಿಲ್ಲಿನಲ್ಲೂ ಸಿಗುವುದಿಲ್ಲ. ಬೆಂಗಳೂರಿನಿಂದ ಕೊರಿಯರ್‌ನಲ್ಲಿ ಮೂರಡಿ ಉದ್ದದ ಹಾಳೆಗಳು ಬರುತ್ತವೆ, ಅದರಲ್ಲಿ ಅರ್ಧದಷ್ಟು ದಾರಿಯಲ್ಲೇ ಮುರಿದಿರುತ್ತವೆ. ಉಳಿದವು ಮಡಿಕೇರಿಯ ಮಂಜಿಗೆ ಹಪ್ಪಳದ ಹಾಗೆ ಮುದುಡುತ್ತವೆ. ಒಂದೇ ದಪ್ಪದ ಎರಡು ಹಾಳೆಗಳ ತೂಕವೂ ಒಂದೇ ಇರುವುದಿಲ್ಲ. ಗಟ್ಟಿ ಎಳೆಯ ಭಾರದ ಹಾಳೆ ರೆಕ್ಕೆಯ ಉದ್ದಕ್ಕೆ ಓಡುವ ಪಟ್ಟಿಗೆ, ಮೆತ್ತಗಿನದು ಬಾಲಕ್ಕೆ ಎಂದು ತೂಗಿ, ಬಗ್ಗಿಸಿ ನೋಡಿ ಬೇರೆ ಮಾಡಬೇಕು. ತಪ್ಪಿದರೆ ವಿಮಾನ ಹಿಂದಕ್ಕೆ ಜಗ್ಗುತ್ತದೆ.

ಕಳೆದ ವರ್ಷ ಮಳೆ ಮುಗಿಯುವ ಹೊತ್ತಿಗೆ ದೊಡ್ಡದೊಂದು ಗ್ಲೈಡರಿನ ಪ್ಲಾನ್ ಹಿಡಿದೆ. ಅದನ್ನು ಇದ್ದ ಹಾಗೆ ಮಾಡಲು ಆಗುತ್ತಿರಲಿಲ್ಲ. ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಹೋಗಬೇಕಲ್ಲ, ಅದಕ್ಕೆ ರೆಕ್ಕೆಯನ್ನು ಎರಡೂ ಕಡೆ ಒಂದೊಂದು ಇಂಚು ಮೋಟು ಮಾಡಿದೆ. ಮೂಗಿನ ಹತ್ತಿರ, ತೂಕ ಸರಿದೂಗಿಸಲು ಸೀಸದ ಗುಂಡು ತುಂಬುವ ಚಿಕ್ಕ ಬಾಗಿಲನ್ನು ಅರ್ಧ ಇಂಚು ಅಗಲ ಮಾಡಿದೆ. ಬಹಳ ಹಿಂದೆ ಮೆಷಿನ್ ಸೂಜಿ ನನ್ನ ಬಲಗೈ ತೋರುಬೆರಳನ್ನು ತೂತು ಮಾಡಿತ್ತು. ಆ ಬೆರಳು ಈಗಲೂ ಮಡಚುವುದಿಲ್ಲ, ಸಣ್ಣ ಕಿಂಡಿಯೊಳಗೆ ಹೋಗುವುದಿಲ್ಲ. ಈ ಬದಲಾವಣೆಗಳನ್ನು ಯಾರಿಗೂ ಹೇಳಲಿಲ್ಲ. ಬ್ಲೌಸಿನ ಅಳತೆ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದಿಟ್ಟೆ.

ಆದರೆ ಮರ ಎಲ್ಲಿಂದ ತರುವುದು? ಲೆಕ್ಚರರನ್ನು ಕೇಳಿದೆ. "ಸಂಪಾಜೆಯಲ್ಲಿ ಒಬ್ಬರು ಕ್ರಾಫ್ಟ್ ಮೇಷ್ಟ್ರು ಇದ್ರು, ವಿಮಾನ ಮಾಡೋರು. ತೀರಿಹೋಗಿ ಎರಡು ವರ್ಷ ಆಯ್ತು. ಅವರ ತಂಗಿ ಹತ್ರ ಮರ ಇನ್ನೂ ಇದೆಯಂತೆ" ಎಂದು ನಂಬರ್ ಕೊಟ್ಟರು. ಆ ಮೇಷ್ಟ್ರನ್ನು ನಾನು ನೋಡಿರಲಿಲ್ಲ. ಅವರ ವಿಷಯ ಕೇಳಿದ್ದೂ ಅವತ್ತೇ.

ಫೋನ್ ಮಾಡಿದೆ. ಮಡಿಕೇರಿಯಿಂದ ಮಾತಾಡುತ್ತಿದ್ದೇನೆ, ಟೈಲರ್, ಬಾಲ್ಸಾ ಮರದ ವಿಷಯ ಎಂದೆ.

"ಕಟ್ಟು ತಕೊಂಡು ಹೋಗ್ಲಿಕ್ಕಾ?" ಎಂದರು ಮೇಷ್ಟ್ರ ತಂಗಿ.

ಯಾವ ಕಟ್ಟಿನ ವಿಷಯವನ್ನೂ ನಾನು ಎತ್ತಿರಲಿಲ್ಲ. ಹಾಳೆಗಳ ಕಟ್ಟು ಇರಬೇಕು ಅಂದುಕೊಂಡು "ಹೌದಕ್ಕಾ" ಎಂದೆ.

ಭಾನುವಾರ ಬಸ್ಸು ಹತ್ತಿದೆ. ಘಾಟಿ ಇಳಿಯುತ್ತಿದ್ದ ಹಾಗೆ ಸ್ವೆಟರ್ ತೆಗೆಯಬೇಕಾಯಿತು. ಸಂಪಾಜೆಯಲ್ಲಿ ಇಳಿಯುವಾಗ ಮಧ್ಯಾಹ್ನ, ಎಲೆ ಅಲ್ಲಾಡುತ್ತಿರಲಿಲ್ಲ. ರಸ್ತೆಯಿಂದ ಸ್ವಲ್ಪ ಒಳಗೆ, ರಬ್ಬರ್ ತೋಟದ ಅಂಚಿಗೆ ಅವರ ಮನೆ. ಅರವತ್ತು ದಾಟಿದ ಗಟ್ಟಿಮುಟ್ಟಾದ ಹೆಂಗಸು, ಕೈಯಲ್ಲಿ ಇನ್ನೂ ರಬ್ಬರ್ ಹಾಲಿನ ವಾಸನೆ. ನನ್ನ ಮುಖ ನೋಡಲಿಲ್ಲ, ಮೊದಲು ನನ್ನ ಕೈ ನೋಡಿದರು.

"ಬನ್ನಿ. ಅಣ್ಣ ಮರ ಎಲ್ಲ ಗೂಡಲ್ಲೇ ಇಟ್ಟದ್ದು. ಮನೆಯೊಳಗೆ ಇಟ್ರೆ ಬೂಸ್ಟು ಹಿಡೀತದೆ."

ಗೂಡು ಎಂದರೆ ರಬ್ಬರ್ ಶೀಟುಗಳನ್ನು ಹೊಗೆ ಹಾಕಿ ಒಣಗಿಸುವ ಕಿಟಕಿಯಿಲ್ಲದ ಕೋಣೆ. ಹೊರಗೆ ಸುಡುಬಿಸಿಲಿದ್ದರೂ ಬಾಗಿಲು ದಾಟಿದ ತಕ್ಷಣ ಕತ್ತಲು. ತಲೆಯ ಮಟ್ಟಕ್ಕೆ ಸಾಲು ಸಾಲಾಗಿ ಕಂದು ಶೀಟುಗಳು ನೇತಾಡುತ್ತಿದ್ದವು. ನನ್ನ ಅಂಗಡಿಯಲ್ಲೂ ಬಟ್ಟೆಗಳು ಹೀಗೇ ನೇತಾಡುತ್ತವೆ, ಆದರೆ ಇವು ಬಟ್ಟೆಯ ಹಾಗಿರಲಿಲ್ಲ, ಚರ್ಮದ ಹಾಗಿದ್ದವು. ಒಂದು ಬಂದು ನನ್ನ ಕೆನ್ನೆಗೆ ತಾಗಿತು. ಬೆಚ್ಚಗಿತ್ತು.

ಅಕ್ಕ ಮೇಲಿನ ಅಡ್ಡಹಲಗೆಯಿಂದ ಉದ್ದದ ಟಿನ್ ಪೆಟ್ಟಿಗೆ ಇಳಿಸಿ ಹೊರಗೆ ತಂದರು. ಹಾಳೆಗಳು ಒಂದೂ ಮುದುಡಿರಲಿಲ್ಲ. ಪ್ರತಿಯೊಂದರ ಮೂಲೆಯಲ್ಲೂ ಪೆನ್ಸಿಲಿನಲ್ಲಿ ತೂಕ ಬರೆದಿತ್ತು. ಖುಷಿಯಿಂದ ಒಂದೊಂದೇ ಎತ್ತಿ ಬಗ್ಗಿಸಿ ನೋಡುತ್ತಿದ್ದೆ. ಅಡಿಯಲ್ಲಿ ಒಂದು ಕಟ್ಟಿತ್ತು. ಪಟ್ಟಿಗಳು, ಪಕ್ಕೆಗಳು, ಎಲ್ಲ ಆಗಲೇ ಕತ್ತರಿಸಿ, ಉಜ್ಜಿ, ನೂಲಿನಿಂದ ಬಿಗಿದಿದ್ದರು. ಮೇಲೆ ಮಡಚಿದ ಚೀಟಿ. ಬಿಡಿಸಿದೆ. ನಾನು ಹಿಡಿದಿದ್ದ ಅದೇ ಗ್ಲೈಡರಿನ ಅಳತೆ. ಅದರಲ್ಲಿ ಆಶ್ಚರ್ಯವೇನಿಲ್ಲ, ಅದು ಎಲ್ಲರಿಗೂ ಸಿಗುವ ಪ್ಲಾನ್. ಕೆಳಗೆ ಓದಿದೆ. ರೆಕ್ಕೆ ಎರಡೂ ಕಡೆ ಒಂದಿಂಚು ಕಡಿಮೆ. ಅವರೂ ಬಸ್ಸಿನಲ್ಲೇ ಓಡಾಡುವವರಿರಬೇಕು ಎಂದು ಸಮಾಧಾನ ಮಾಡಿಕೊಂಡೆ. ಮುಂದಿನ ಸಾಲು: ಮೂಗಿನ ಬಾಗಿಲು, ಅರ್ಧ ಇಂಚು ಜಾಸ್ತಿ.

ಬ್ಯಾಗಿನಿಂದ ಅಳತೆ ಪುಸ್ತಕ ತೆಗೆದು ಚೀಟಿಯ ಪಕ್ಕ ಇಟ್ಟೆ. ಎರಡರಲ್ಲೂ ಅದೇ ಅಂಕಿಗಳು.

"ಅಕ್ಕಾ, ನಿಮ್ಮಣ್ಣನ ಬೆರಳಿಗೆ ಏನಾದ್ರೂ ಏಟಾಗಿತ್ತಾ?"

"ಇಲ್ಲಪ್ಪ. ಕೊನೆವರೆಗೂ ಸೂಜಿಗೆ ದಾರ ಅವನೇ ಪೋಣಿಸ್ತಿದ್ದ."

"ಮತ್ತೆ ಇದನ್ಯಾಕೆ ಕತ್ತರಿಸಿಟ್ಟು ಜೋಡಿಸ್ಲಿಲ್ಲ?"

"ನಾನೂ ಕೇಳಿದೆ. ಇದು ನಂದಲ್ಲ, ಬೇರೆಯವರದ್ದು, ಬಂದು ತಕೊಂಡು ಹೋಗ್ತಾರೆ ಅಂದ. ಯಾರು ಅಂತ ಕೇಳಿದ್ದಕ್ಕೆ ಗೊತ್ತಿಲ್ಲ ಅಂದ. ಆಮೇಲೆ ಹದಿನೈದು ದಿನಕ್ಕೆ ಹೋಗಿಬಿಟ್ಟ. ಯಾರೂ ಬರ್ಲಿಲ್ಲ." ಪೆಟ್ಟಿಗೆಯ ಮುಚ್ಚಳ ಹಾಕುತ್ತಾ ಹೇಳಿದರು, "ಫೋನಲ್ಲಿ ನೀವು ಟೈಲರ್ ಅಂದ್ರಲ್ಲ, ಆಗ ಇವ್ರೇ ಇರ್ಬೇಕು ಅನ್ನಿಸ್ತು. ಯಾಕಂತ ಕೇಳ್ಬೇಡಿ."

ಹಾಳೆ ಮಾತ್ರ ಸಾಕು ಎಂದೆ. ಅವರು ಒಪ್ಪಲಿಲ್ಲ. "ಎರಡು ವರ್ಷ ಅದರ ಧೂಳು ಒರೆಸಿದ್ದೇನೆ. ಇನ್ನು ನನ್ಕೈಲಿ ಆಗುದಿಲ್ಲ" ಎಂದು ಕಟ್ಟನ್ನು ನನ್ನ ಕೈಗೆ ಇಟ್ಟರು.

ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ಭಾರವೇ ಇಲ್ಲ. ಇದೆಯೋ ಇಲ್ಲವೋ ಎಂದು ಮತ್ತೆ ಮತ್ತೆ ಮುಟ್ಟಿ ನೋಡುತ್ತಿದ್ದೆ. ಘಾಟಿ ಹತ್ತಿ ಮಂಜು ಶುರುವಾದ ಮೇಲೆ ಅದರಿಂದ ಹೊಗೆಯ ವಾಸನೆ ಎದ್ದು ಬಂತು. ಪಕ್ಕದಲ್ಲಿ ಕೂತಿದ್ದವರು ಎದ್ದು ಹಿಂದಿನ ಸೀಟಿಗೆ ಹೋದರು.

ಮರುದಿನ ಬೆಳಿಗ್ಗೆ ಅಂಗಡಿ ತೆರೆಯುವ ಮುಂಚೆ ಸ್ಟೀಲ್ ಸ್ಕೇಲ್ ಹಿಡಿದು ಕೂತೆ. ನಿಜ ಹೇಳಬೇಕೆಂದರೆ ಒಂದಾದರೂ ವ್ಯತ್ಯಾಸ ಸಿಗಲಿ ಎಂದು ಹುಡುಕುತ್ತಿದ್ದೆ. ಸಿಕ್ಕಿತು. ಐದನೇ ಪಕ್ಕೆ ನನ್ನ ಲೆಕ್ಕಕ್ಕಿಂತ ಎರಡು ಮಿಲಿಮೀಟರ್ ಎತ್ತರವಿತ್ತು. ಎದೆಯಿಂದ ಏನೋ ಇಳಿದ ಹಾಗಾಯಿತು. ಹೇಗೂ ಇರಲಿ ಎಂದು ಪ್ಲಾನ್ ಹಾಸಿ ಇನ್ನೊಮ್ಮೆ ಲೆಕ್ಕ ಹಾಕಿದೆ. ತಪ್ಪು ನನ್ನದೇ. ಕೂಡುವಾಗ ಒಂದು ಅಂಕಿ ಬಿಟ್ಟಿದ್ದೆ. ನನ್ನ ಅಳತೆಗೆ ಕತ್ತರಿಸಿದ್ದರೆ ರೆಕ್ಕೆಯ ಮೇಲೆ ಗುಳಿ ಬೀಳುತ್ತಿತ್ತು. ಅವರದು ಸರಿಯಾಗಿತ್ತು.

ಒಂದು ವಾರ ಕಟ್ಟನ್ನು ಮುಟ್ಟಲಿಲ್ಲ. ಆಮೇಲೆ ಜೋಡಿಸಲು ಕೂತೆ. ಮೂವತ್ತು ವರ್ಷದಿಂದ ಬೇರೆಯವರ ಮೈಗೆ ಬಟ್ಟೆ ಹೊಲಿದಿದ್ದೇನೆ, ನನ್ನ ಅಳತೆಗೆ ಇನ್ನೊಬ್ಬರು ಕತ್ತರಿಸಿಟ್ಟದ್ದು ಅದೇ ಮೊದಲು. ಎಲ್ಲೂ ಉಜ್ಜುವ ಕೆಲಸ ಬೀಳಲಿಲ್ಲ. ಒಂದೊಂದು ತುಂಡೂ ತನ್ನ ಜಾಗಕ್ಕೆ ಸದ್ದಿಲ್ಲದೆ ಹೋಗಿ ಕೂತಿತು. ನನ್ನ ಮಡಚದ ಬೆರಳು ಬಾಗಿಲೊಳಗೆ ಸರಾಗವಾಗಿ ಹೋಯಿತು.

ಫೆಬ್ರವರಿಯಲ್ಲಿ ಶನಿವಾರಸಂತೆಯ ತವರಿಗೆ ಹೋದಾಗ ಕೊಯ್ದ ಗದ್ದೆಯಲ್ಲಿ ಹಾರಿಸಿದೆ. ದಾರ ಹಿಡಿದು ಹತ್ತು ಹೆಜ್ಜೆ ಓಡಿದ್ದೆ ಅಷ್ಟೆ, ಅದು ನೆಟ್ಟಗೆ ಮೇಲೇರಿ ತಾನೇ ದಾರ ಕಳಚಿಕೊಂಡಿತು. ಗಾಳಿ ಇರಲಿಲ್ಲ. ಆದರೂ ಇಳಿಯದೆ ದೊಡ್ಡ ಸುತ್ತು ಹಾಕುತ್ತಲೇ ಇತ್ತು. ಕೊನೆಗೆ ನನ್ನ ಕಾಲಿಂದ ನಾಲ್ಕು ಮಾರು ದೂರಕ್ಕೆ ಬಂದು ಕೂತಿತು. ಹೋಗಿ ಎತ್ತಿಕೊಳ್ಳಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

ಸಂಜೆ ಸಂಪಾಜೆಗೆ ಫೋನ್ ಮಾಡಿದೆ.

"ಹಾರ್ತಕ್ಕಾ. ಚೆನ್ನಾಗಿ ಹಾರ್ತು."

"ಯಾವ ಕಡೆ ತಿರುಗಿತು?"

ಪ್ಲಾನಿನಲ್ಲಿ ಬಲಕ್ಕೆ ತಿರುಗುವ ಹಾಗೆ ಬರೆದಿದೆ. ನಾನು ಬಾಲವನ್ನೂ ಹಾಗೇ ಕೂರಿಸಿದ್ದೆ.

"ಎಡಕ್ಕೆ" ಎಂದೆ.

"ಹಾಂ. ಎಡಕ್ಕೇ ತಿರುಗ್ತದೆ ಅಂತ ಅಣ್ಣ ಹೇಳ್ತಿದ್ದ" ಎಂದರು. ಆಮೇಲೆ ಈ ಸಲದ ಉಪ್ಪಿನಕಾಯಿ ಚೆನ್ನಾಗಿ ಬಂದಿದೆ, ಒಮ್ಮೆ ಬಂದು ಹೋಗಿ ಎಂದು ಕರೆದರು. ಬರುತ್ತೇನೆ ಎಂದೆ. ಇನ್ನೂ ಹೋಗಿಲ್ಲ.