ಐದು ಪ್ರಶ್ನೆಗಳ ತಾಲೀಮು

ಆದೋನಿಯಲ್ಲಿ ನಾನು ನಡೆಸುತ್ತಿದ್ದ ವ್ಯಾಪಾರ ತರಬೇತಿಯ ಫಲಕದ ಮೇಲೆ ಮೂರು ಲಿಪಿಗಳಿದ್ದವು: ತೆಲುಗು, ಕನ್ನಡ, ಉರ್ದು. ಸಣ್ಣ ಅಂಗಡಿಯವರು, ತಳ್ಳುಗಾಡಿಯವರು, ಮನೆಯಲ್ಲೇ ಏನಾದರೂ ಮಾಡಿ ಮಾರುವ ಹೆಂಗಸರು ಬರುತ್ತಿದ್ದರು. ಮೆಟ್ಟಿಲು ಹತ್ತಲಾಗದವರಿಗೆಂದು ನೆಲಮಹಡಿಯ ಸಭಾಂಗಣ ಹಿಡಿದಿದ್ದೆ, ಬಾಗಿಲಿಗೆ ಇಳಿಜಾರು ಹಾಕಿಸಿದ್ದೆ. ಪ್ರತಿ ವಿಷಯವನ್ನೂ ಮೊದಲು ತೆಲುಗಿನಲ್ಲಿ, ಆಮೇಲೆ ಕನ್ನಡದಲ್ಲಿ ಹೇಳುತ್ತಿದ್ದೆ. ಉರ್ದುವಿಗೆ ಸಹೋದ್ಯೋಗಿಯೊಬ್ಬರು ಬರುತ್ತಿದ್ದರು.

ಎರಡನೇ ತಿಂಗಳಲ್ಲಿ ಮೆಣಸಿನಕಾಯಿ ಬಜ್ಜಿ ಗಾಡಿಯವರೊಬ್ಬರು ಎದ್ದು ನಿಂತರು.

"ಮೇಡಂ, ಒಂದ ಮಾತು ಮೂರು ಸಲ ಯಾಕ ಹೇಳ್ತೀರಿ? ನಮಗ ಮೂರೂ ಬರ್ತಾವ. ಒಮ್ಮೆ ಹೇಳಿ ಬಿಟ್ಟುಬಿಡ್ರಿ, ಅಲ್ಲಿ ಎಣ್ಣಿ ಸುಡಾಕತ್ತೈತಿ."

"ಸುಟ್ಟ ಎಣ್ಣಿ ನಿನಗೇನು ಹೊಸದ?" ಎಂದರು ಹಿಂದೆ ಕೂತಿದ್ದ ಬಳೆ ಮಾರುವ ಹೆಂಗಸು.

ಇಡೀ ಸಭಾಂಗಣ ನಕ್ಕಿತು. ನಗದೆ ಕೂತವರು ಒಬ್ಬರೇ ಇದ್ದರು. ಕುಕ್ಕರ್, ಗ್ಯಾಸ್ ಒಲೆ ರಿಪೇರಿ ಮಾಡುವವರು. ಹುಟ್ಟಿನಿಂದ ಅವರಿಗೆ ಕಿವಿ ಕೇಳುವುದಿಲ್ಲ, ಮಾತು ಬರುವುದಿಲ್ಲ. ಮೂರು ಭಾಷೆ ಬಲ್ಲವರಿಗೆ ಮೂರು ಭಾಷೆಯಲ್ಲಿ ಪಾಠ ಮಾಡುತ್ತಿದ್ದ ನನ್ನಲ್ಲಿ ಅವರಿಗೆ ಕೊಡಲು ಏನೂ ಇರಲಿಲ್ಲ.

ಅವರು ಪೆದ್ದಹರಿವಾಣಂ ಕಡೆಯವರು. ಹೆಂಡತಿ ಹೊಳಗುಂದದವರು, ನಾಲ್ಕು ಮನೆಗಳಲ್ಲಿ ಅಡುಗೆ ಕೆಲಸ ಮಾಡುತ್ತಿದ್ದರು. ಪೇಟೆಯ ಒಂದು ಹಳೆಯ ಕಟ್ಟಡದ ಮೆಟ್ಟಿಲಿನ ಕೆಳಗೆ, ನೆಟ್ಟಗೆ ನಿಲ್ಲಲಾಗದಷ್ಟು ಜಾಗದಲ್ಲಿ, ಅವರ ಅಂಗಡಿ. ರಿಪೇರಿಯಾದ ಕುಕ್ಕರ್ ಕೂಗಿತೋ ಇಲ್ಲವೋ ಎಂದು ತಿಳಿಯಲು ಅವರು ಉಗಿಯ ಮೇಲೆ ಒಂದು ಮೊಳ ಎತ್ತರದಲ್ಲಿ ಅಂಗೈ ಹಿಡಿಯುತ್ತಿದ್ದರು. ಅಂಗೈ ಒಪ್ಪಿದರೆ ಮಾತ್ರ ಕುಕ್ಕರ್ ಗಿರಾಕಿಯ ಕೈಗೆ. ಅವರ ಹತ್ತಿರ ಒಮ್ಮೆ ಹೋದವರು ಬೇರೆಯವರಲ್ಲಿಗೆ ಹೋಗುತ್ತಿರಲಿಲ್ಲ.

ಆ ಕಟ್ಟಡವನ್ನು ಕೆಡವುವುದೆಂದು ತೀರ್ಮಾನವಾಗಿತ್ತು. ಬೇಸಿಗೆಯೊಳಗೆ ಎಲ್ಲರೂ ಖಾಲಿ ಮಾಡಬೇಕು. ಸ್ವಲ್ಪ ದೂರದ ಹೊಸ ಸಂಕೀರ್ಣದಲ್ಲಿ ಪುರಸಭೆಯವರು ಅಂಗವಿಕಲರಿಗೆಂದು ಎರಡು ಮಳಿಗೆ ಇಟ್ಟಿದ್ದರು. ಅದರಲ್ಲೊಂದು ಸಿಕ್ಕರೆ ಕೆಲಸ ಉಳಿಯುತ್ತದೆ. ಸಿಗದಿದ್ದರೆ, ಗಿರಾಕಿಗಳಿಗೆ ಇನ್ನು ಎಲ್ಲಿ ಕೂರುತ್ತೇನೆಂದು ಹೇಳಲೂ ಆಗದ ಮನುಷ್ಯನಿಗೆ ಕೆಲಸವೇ ಇಲ್ಲ.

ಅರ್ಜಿ ಹಾಕಿದವರು ಅಧಿಕಾರಿಯ ಮುಂದೆ ಒಬ್ಬರೇ ಕೂತು ಉತ್ತರ ಕೊಡಬೇಕೆಂಬ ನಿಯಮವಿತ್ತು. ಹಿಂದೊಮ್ಮೆ ನೆಂಟರು ಜೊತೆಗೆ ಬಂದು, ತಾವೇ ಮಾತಾಡಿ, ಮಳಿಗೆಯನ್ನು ತಾವೇ ಇಟ್ಟುಕೊಂಡಿದ್ದರಂತೆ. ಹೆಂಡತಿಯನ್ನು ಜೊತೆಗೆ ಬಿಡಿ ಎಂದು ನಾನು ಎರಡು ಸಲ ಬರೆದುಕೊಟ್ಟೆ. ಅದಾಗದು, ಬದಲಿಗೆ ತರಬೇತಿ ಕೊಟ್ಟವರು ಒಂದು ಪತ್ರ ಕೊಡಲಿ ಎಂಬ ಉತ್ತರ ಬಂತು. ಪತ್ರದ ನಮೂನೆಯನ್ನೂ ಕಳಿಸಿದ್ದರು: 'ಇವರು ತರಬೇತಿ ಪಡೆದಿದ್ದಾರೆ. ಪ್ರಶ್ನೆಗಳನ್ನು ಅರ್ಥ ಮಾಡಿಕೊಂಡು ಯಾರ ಸಹಾಯವೂ ಇಲ್ಲದೆ ಉತ್ತರಿಸಬಲ್ಲರು.' ಪತ್ರವಿಲ್ಲದವರನ್ನು ಒಳಗೆ ಕರೆಯುವುದಿಲ್ಲ.

ಕರ್ನೂಲಿನಿಂದ ಸನ್ನೆಭಾಷೆ ಕಲಿಸುವವರೊಬ್ಬರನ್ನು ಕರೆಸಿದೆ. ಅವರ ಕೈಗಳು ತುಂಬ ಸ್ಪಷ್ಟವಾಗಿ, ತುಂಬ ವೇಗವಾಗಿ ಆಡುತ್ತಿದ್ದವು. ರಿಪೇರಿಯವರು ಅಪರಿಚಿತರ ಜಗಳ ನೋಡುವವರಂತೆ ಸ್ವಲ್ಪ ಹೊತ್ತು ನೋಡಿದರು, ಆಮೇಲೆ ಕಲಿಸಲು ಬಂದವರ ಗಡಿಯಾರದ ಪಟ್ಟಿಯ ಸಡಿಲವಾದ ಕೊಂಡಿಯನ್ನು ಹಿಡಿದು ಪರೀಕ್ಷಿಸತೊಡಗಿದರು.

"ಅವ್ರು ಮಾಡೋದು ಭಾಳ ಚಂದ ಐತಿ ಮೇಡಂ," ಎಂದರು ಹೆಂಡತಿ. "ಆದ್ರ ಅದು ನಮ್ಮ ಮನಿ ಮಾತಲ್ಲ. ಇವ್ರು ಸಾಲಿ ಕಟ್ಟಿ ಹತ್ತಿದೋರಲ್ಲ, ಅದನ್ನೆಲ್ಲಿ ಕಲೀಬೇಕು?"

ಅವರ ಮನೆಮಾತನ್ನು ನಾನು ನೋಡಿದ್ದೆ. ಹೆಬ್ಬೆರಳು ಹಿಂಡಿದರೆ ಹಾಲು. ಮೂಗಿನ ಬಲಬದಿ ಮುಟ್ಟಿದರೆ ತೀರಿಕೊಂಡ ಅತ್ತೆ. ಕಣ್ಣಿನ ಸುತ್ತ ಉಂಗುರ ಬರೆದರೆ ಕನ್ನಡಕದ ನಾನು. ಮದುವೆಯಾದ ಮೇಲೆ ಇಬ್ಬರೂ ಸೇರಿ ಕಟ್ಟಿಕೊಂಡ ಭಾಷೆ ಅದು. ಇನ್ನೊಬ್ಬರಿಗೆ ಬಾರದು. ಅದರಲ್ಲಿ ಹಸಿವು, ಜ್ವರ, ಗಿರಾಕಿ, ಸಿಟ್ಟು ಎಲ್ಲ ಇದ್ದವು. 'ನಿಮಗೆ ಊರಿನಲ್ಲಿ ಬೇರೆ ಮಳಿಗೆ ಇದೆಯೆ' ಎಂಬುದು ಇರಲಿಲ್ಲ. ಬೇರೆ ಮಳಿಗೆ ಎಂದೂ ಇರಲಿಲ್ಲವಾದ್ದರಿಂದ ಅದಕ್ಕೆ ಸನ್ನೆಯೂ ಬೇಕಾಗಿರಲಿಲ್ಲ.

ಅವರ ಸರದಿಗೆ ಹತ್ತು ದಿನ ಉಳಿದಿತ್ತು. ಅಷ್ಟರಲ್ಲಿ ಭಾಷೆ ಕಲಿಸಲು ಸಾಧ್ಯವಿರಲಿಲ್ಲ. ನಾನು ಸುಲಭದ ದಾರಿ ಹಿಡಿದೆ.

ಬೇರೆ ಮಳಿಗೆಗಳಿಗಾಗಿ ಹೋಗಿ ಬಂದವರನ್ನು ಕೇಳಿದಾಗ, ಅಧಿಕಾರಿ ಎಲ್ಲರಿಗೂ ಅವೇ ಐದು ಪ್ರಶ್ನೆಗಳನ್ನು ಅದೇ ಕ್ರಮದಲ್ಲಿ ಕೇಳುತ್ತಾರೆಂದು ತಿಳಿಯಿತು. ಯಾರು ನೀವು: ಆಧಾರ್ ಕಾರ್ಡ್ ತೋರಿಸುವುದು. ಏನು ಕೆಲಸ: ಕುಕ್ಕರ್ ಬಿಚ್ಚುತ್ತಿರುವ ಫೋಟೊ ತೋರಿಸುವುದು. ಈ ಕೆಲಸ ನೀವೇ ಮಾಡುತ್ತೀರಾ: ತಲೆಯಾಡಿಸಿ ಹೂಂ. ಊರಿನಲ್ಲಿ ಬೇರೆ ಮಳಿಗೆ ಇದೆಯೆ: ಅಡ್ಡ ತಲೆಯಾಡಿಸಿ ಇಲ್ಲ. ಮಳಿಗೆಯಲ್ಲಿ ನೀವೇ ಕೂರುತ್ತೀರಾ: ಮತ್ತೆ ಹೂಂ. ಕಾರ್ಡು, ಫೋಟೊ, ಹೂಂ, ಇಲ್ಲ, ಹೂಂ. ನಾನು ಮೇಜಿನ ಆ ಕಡೆ ಕೂತು ಐದು ಸಲ ತುಟಿ ಆಡಿಸುತ್ತಿದ್ದೆ. ಮೂರನೇ ದಿನಕ್ಕೆ ಅವರು ಒಂದೂ ತಪ್ಪದೆ ಮಾಡಿದರು. ಮುಗಿದ ಮೇಲೆ ನನ್ನ ಮುಖ ನೋಡಿ ನಗುತ್ತಿದ್ದರು.

"ಇವ್ರಿಗೆ ತಿಳಿದಿಲ್ಲ ಮೇಡಂ," ಎಂದರು ಹೆಂಡತಿ. "ನೀವು ಖುಷಿ ಆಗ್ತೀರಂತ ಮಾಡ್ತಾರ."

"ಗೊತ್ತು ಅಕ್ಕ. ಆ ಒಂದು ದಿನ ಹೀಗೇ ಮಾಡಿದರೆ ಸಾಕು."

"ಸಾಕಾಗ್ತೈತಾ?"

ಆ ಸಂಜೆ ಪತ್ರಕ್ಕೆ ಸಹಿ ಮಾಡಿದೆ. ಬೇರೆಯವರ ಅರ್ಜಿಗಳಲ್ಲಿ ಒಂದು ಅಕ್ಷರ ತಪ್ಪಿದರೂ ವಾಪಸು ಕಳಿಸುವವಳು ನಾನು. ಸುಳ್ಳು ವಾಕ್ಯದ ಕೆಳಗೆ ನನ್ನ ಹೆಸರು ಬರೆಯುವಾಗ ಹಿಂದೆಮುಂದೆ ನೋಡಲಿಲ್ಲ ಎಂಬುದನ್ನು ಇಲ್ಲಿ ಮುಚ್ಚಿಡುವುದಿಲ್ಲ.

ಆ ದಿನ ಹೆಂಡತಿ ಅವರಿಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಸಿ ಕರೆತಂದಿದ್ದರು. ತರಬೇತಿ ಕೊಟ್ಟವಳೆಂದು ನನ್ನನ್ನು ಬಾಗಿಲ ಹತ್ತಿರ ನಿಲ್ಲಲು ಬಿಟ್ಟರು. ಹೆಂಡತಿ ಹೊರಗಿನ ಬೆಂಚಿನ ಮೇಲೆ ಕೂತರು.

ಅಧಿಕಾರಿ ನಡುವಯಸ್ಸಿನವರು, ಮೆಲ್ಲಗೆ ಮಾತಾಡುವವರು. ಮೊದಲ ಪ್ರಶ್ನೆಗೆ ಕಾರ್ಡು ಹೊರಬಂತು. ಎರಡನೆಯದಕ್ಕೆ ಫೋಟೊ. ಅಧಿಕಾರಿ ಫೋಟೊವನ್ನು ಬೆಳಕಿಗೆ ಹಿಡಿದು ನೋಡಿದರು, ಮೆಚ್ಚುಗೆಯಿಂದಲೇ ನೋಡಿದರು. ಕೆಲಸ ನೀವೇ ಮಾಡುತ್ತೀರಾ ಎಂದು ಕೇಳಲಿಲ್ಲ. ಫೋಟೊದಲ್ಲಿ ಕಾಣುತ್ತಿತ್ತಲ್ಲ. ಆ ಮನುಷ್ಯನಿಗೆ ಒಂದು ಪ್ರಶ್ನೆ ಕಡಿಮೆಯಾಗಲಿ ಎಂದು ಅದನ್ನು ಬಿಟ್ಟು, ಮುಂದಿನದನ್ನು ಕೇಳಿದರು.

"ಊರಿನಲ್ಲಿ ನಿಮಗೆ ಬೇರೆ ಮಳಿಗೆ ಇದೆಯೆ?" ತೆಲುಗಿನಲ್ಲಿ.

ರಿಪೇರಿಯವರು ಹೂಂ ಎಂದು ತಲೆಯಾಡಿಸಿದರು.

ಅಧಿಕಾರಿಯ ಪೆನ್ನು ನಿಂತಿತು. ಮತ್ತೆ ಬರೆಯಿತು. "ಈ ಮಳಿಗೆ ಕೊಟ್ಟರೆ ಅದರಲ್ಲಿ ನೀವೇ ಕೂರುತ್ತೀರಾ?"

ಅವರು ಇಲ್ಲ ಎಂದು ಅಡ್ಡ ತಲೆಯಾಡಿಸಿದರು. ಅಧಿಕಾರಿ ಫೈಲು ಮುಚ್ಚಿದರು. ಇನ್ನೊಂದು ಉತ್ತರ ಬಾಕಿ ಉಳಿದಿದ್ದುದರಿಂದ ರಿಪೇರಿಯವರು ಸ್ವಲ್ಪ ಹೊತ್ತು ಕಾದು ಕೂತರು. ಯಾರೂ ಏನೂ ಕೇಳದಿದ್ದಾಗ, ಹೂಂ ಎಂದು ತಾವಾಗಿಯೇ ತಲೆಯಾಡಿಸಿ ಎದ್ದರು.

ನಾನು ಒಳಗೆ ಹೋದೆ. "ಸರ್, ಅವರಿಗೆ ಪ್ರಶ್ನೆ ಅರ್ಥವಾಗಿಲ್ಲ. ಅವರಿಗೆ ಬೇರೆ ಮಳಿಗೆ ಇಲ್ಲ. ಹೆಂಡತಿ ಹೊರಗೆ ಇದ್ದಾರೆ, ಕರೆದು ಕೇಳಿ."

ಅವರು ಫೈಲಿನಿಂದ ಪತ್ರ ತೆಗೆದು ಮೇಜಿನ ಮೇಲೆ ನನ್ನ ಕಡೆಗೆ ತಿರುಗಿಸಿಟ್ಟರು. "ಈ ಸಂತಕಂ ಮೀದೇನಾ ಅಮ್ಮಾ?"

ಸಹಿ ನನ್ನದೇ ಎಂದೆ.

"ಅರ್ಥವಾಗಿಲ್ಲ ಅಂದರೆ ಈ ಪತ್ರ ಸುಳ್ಳು. ಪತ್ರ ನಿಜ ಅಂದರೆ ಅವರ ಉತ್ತರ ನಿಜ. ಯಾವುದನ್ನು ಬರೆದುಕೊಳ್ಳಲಿ?"

"ಪತ್ರ ಸುಳ್ಳು, ಸರ್."

ಅವರು ಗದರಲಿಲ್ಲ. ಗದರಿದ್ದರೆ ನಾನೂ ಏನಾದರೂ ಎದುರಾಡುತ್ತಿದ್ದೆನೇನೋ. "ಹಾಗಾದರೆ ಪತ್ರವಿಲ್ಲದ ಅರ್ಜಿ ಇದು. ಇವರನ್ನು ಕರೆಯಲೇಬಾರದಿತ್ತು. ಹೊರಗೆ ಇನ್ನೂ ಜನ ಕೂತಿದ್ದಾರೆ, ಅವರೂ ಕುಂಟುತ್ತ, ತಡವರಿಸುತ್ತ ಬಂದವರೇ. ನಿಮಗೊಬ್ಬರಿಗೆ ಎರಡನೇ ಅವಕಾಶ ಕೊಟ್ಟರೆ ಅವರಿಗೆ ಏನು ಹೇಳಲಿ?" ಎಂದು, ಮುಂದಿನವರ ಫೈಲು ತೆರೆದರು.

ಹೊರಗೆ ರಿಪೇರಿಯವರು ಹೆಂಡತಿಯ ಮುಂದೆ ನಿಂತು ಒಳಗೆ ಮಾಡಿದ್ದನ್ನೆಲ್ಲ ಮಾಡಿ ತೋರಿಸುತ್ತಿದ್ದರು. ಮುಖ ಬೆಳಗಿತ್ತು. ಹೆಂಡತಿ ಅವರ ಕೈ ನೋಡದೆ ನನ್ನ ಮುಖ ನೋಡಿದರು.

ನಾನು ಎಲ್ಲವನ್ನೂ ಹೇಳಿದೆ, ಸಹಿಯನ್ನೂ. ಒಂದು ಶಬ್ದವನ್ನೂ ಬಿಡಲಿಲ್ಲ. ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕೇಳಿಸಿಕೊಂಡರು.

"ಅಂದ್ರ ಸಿಗೂದಿಲ್ಲ."

"ಇಲ್ಲ ಅಕ್ಕ."

"ನನಗ ಅವತ್ತ ಅನಿಸಿತ್ತು. ಓದಿದೋರು, ನಿಮಗ ಗೊತ್ತಿರ್ತೈತಿ ಅಂತ ಸುಮ್ನಾದೆ." ಬೆರಳಿಗೆ ಸುತ್ತಿದ ಸೆರಗು ಬಿಚ್ಚಿ ಮತ್ತೆ ಹೇಳಿದರು. "ಇವ್ರಿಗೆ ನಾ ಹೇಳಂಗಿಲ್ರಿ. ಮೂರು ದಿನ ಎದುರು ಕುಂತು ಕಲಿಸಿದೋರು ನೀವು. ನೀವ ಹೇಳ್ರಿ."

ಆ ಮಾತಿನಲ್ಲಿ ಸಿಟ್ಟು ಇರಲಿಲ್ಲ. ನ್ಯಾಯವಿತ್ತು. ರಿಪೇರಿಯವರನ್ನು ಹೆಂಡತಿಯ ಪಕ್ಕ ಕೂರಿಸಿ, ನಾನು ಅವರ ಎದುರಿನ ಬೆಂಚಿನ ಮೇಲೆ ಕೂತೆ. ಮಳಿಗೆಗೆ ಅವರ ಮನೆಯಲ್ಲಿ ಎರಡೂ ಕೈಗಳನ್ನು ತಲೆಯ ಮೇಲೆ ಸೂರಿನಂತೆ ಹಿಡಿಯುತ್ತಿದ್ದರು. ಇಲ್ಲ ಎನ್ನಲು ಅಂಗೈ ಮಗುಚುತ್ತಿದ್ದರು. ಇಷ್ಟು ನನಗೆ ಬರುತ್ತಿತ್ತು. 'ನನ್ನ ತಪ್ಪಿನಿಂದ' ಎಂಬುದಕ್ಕೆ ಏನು ಮಾಡಬೇಕು ಎಂದು ಹೆಂಡತಿಯ ಕಡೆ ನೋಡಿದೆ. ಅವರು ರಸ್ತೆಯ ಕಡೆ ತಿರುಗಿ ಕೂತಿದ್ದರು.

ನಾನು ಎರಡೂ ಕೈಗಳನ್ನು ಮೇಲೆತ್ತಿದೆ. ತಾಲೀಮು ಶುರುವಾಯಿತು ಎಂದುಕೊಂಡು ಅವರು ನೆಟ್ಟಗೆ ಕೂತರು, ಜೇಬಿನಿಂದ ಕಾರ್ಡು ತೆಗೆದು ನನ್ನ ಮುಂದೆ ಹಿಡಿದರು.