ಹೊಳೆವ್ವ ಚೆಲ್ಲಿದ ಚರಗ

ಹೊಳೆವ್ವ, ನಾನು ಒಂದೇ ದಿನ ಗಂಡಂದಿರನ್ನು ಕಳೆದುಕೊಂಡವರು. ಅತ್ತಿಬೆಲೆ ಹತ್ತಿರ ಶೆಡ್ಡಿಗೆ ಪಾಯ ತೋಡುವಾಗ ಮಣ್ಣು ಕುಸಿಯಿತು. ನನ್ನ ಯಮನೂರ, ಅವಳ ಕಾಡಪ್ಪ ಇಬ್ಬರೂ ಅದರಡಿ ಸಿಕ್ಕರು. ಅದು ೨೦೧೧. ಆಮೇಲೆ ಪಿಳ್ಳಮ್ಮನ ವಠಾರದಲ್ಲಿ ಇಬ್ಬರೂ ಒಂದೇ ಕೋಣೆ ಹಿಡಿದೆವು. ಗಾರೆ ಕೆಲಸಕ್ಕೆ ಹೋಗುತ್ತಿದ್ದೆವು.

ಅವಳು ತಲೆ ಇಟ್ಟರೆ ನಿದ್ದೆ. ನನಗೆ ರೆಪ್ಪೆ ಮುಚ್ಚುತ್ತಿರಲಿಲ್ಲ. ಅವಳ ಹತ್ತಿರ ಒಡವೆ ಇರಲಿಲ್ಲ, ಮಕ್ಕಳಿರಲಿಲ್ಲ. ಆ ನಿದ್ದೆಗೇ ನನ್ನ ಹೊಟ್ಟೆ ಉರಿಯಿತು.

ನಮ್ಮ ಕಡೆ ಎಳ್ಳು ಅಮಾಸಿಗೆ ಹೊಲಕ್ಕೆ ಹೋಗಿ, ಉಣ್ಣುವ ಮೊದಲು ಭೂಮ್ತಾಯಿಗೆ ಅಡಿಗೆ ಚೆಲ್ಲುತ್ತೇವೆ. ಚರಗ ಅನ್ನುತ್ತೇವೆ. ವರ್ಷಕ್ಕೊಮ್ಮೆ ಅಷ್ಟೆ. ಹೊಳೆವ್ವ ದಿನಾ ಚೆಲ್ಲುತ್ತಿದ್ದಳು. ಹೊಲ ಎಲ್ಲಿಂದ ಬರಬೇಕು? ವಠಾರದ ಹಿಂದಿನ ಖಾಲಿ ಸೈಟಿನಲ್ಲಿ.

ಒಂದು ದಿನ ಕೇಳಿಯೇಬಿಟ್ಟೆ. "ಗಂಡನ್ನ ನುಂಗಿದ ಮಣ್ಣಿಗೆ ರೊಟ್ಟಿ ಹಾಕ್ತಿಯಲ್ಲ, ನಾಚಿಕಿ ಬರೂದಿಲ್ಲೇನ?"

"ನುಂಗಿಲ್ಲವ್ವ. ಉಡ್ಯಾಗ ಹಾಕ್ಕೊಂಡಾಳ. ಮಗ ತಾಯಿ ಉಡ್ಯಾಗ ಅದಾನಂದ್ರ ನಾ ಯಾಕ ಅಂಜಲಿ?"

ಮೈಯೆಲ್ಲ ಉರಿಯಿತು. ಹೋಗಿ ಪಿಳ್ಳಮ್ಮನಿಗೆ, ಹೊಳೆವ್ವ ಚೆಲ್ಲುವ ರೊಟ್ಟಿಗೆ ಇಲಿ ಬರುತ್ತಿವೆ ಎಂದು ಹೇಳಿದೆ. ಪಿಳ್ಳಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಬಂದಳು.

"ಏನಮ್ಮಿ, ನಮ್ ಸೈಟ್ನ ತಿಪ್ಪೆ ಮಾಡ್ಬುಟ್ಟಿದೀಯಾ? ಇನ್ನೊಂದ್ ದಪ ಇಂಗೆ ಸುರುದ್ರೆ ರೂಮ್ ಖಾಲಿ ಮಾಡು."

"ಆತ್ರೀ ಅಮ್ಮಾರ" ಎಂದಳು ಹೊಳೆವ್ವ. ಯಾರು ಹೇಳಿದರೆಂದು ಕೇಳಲಿಲ್ಲ. ಮರುದಿನದಿಂದ ಅರ್ಧ ತಾಸು ಮೊದಲು ಎದ್ದು ಕೆರೆ ಏರಿಗೆ ಹೋದಳು. ಅವಳ ನಿದ್ದೆ ಕೆಡಲಿಲ್ಲ.

ಆಷಾಢದಲ್ಲಿ ಅವಳಿಗೆ ಜ್ವರ ಬಂತು. "ಇವತ್ತೊಂದಿನ ನೀ ಚೆಲ್ಲಿ ಬಾರವ್ವ" ಎಂದು ಬುತ್ತಿ ಕೊಟ್ಟಳು. ಮೋರಿಗೆ ಎಸೆಯಬೇಕು ಎಂದುಕೊಂಡೇ ಹೊರಟೆ. ಮೋರಿ ಹತ್ತಿರ ಕೈ ಏಳಲಿಲ್ಲ, ಏರಿಯವರೆಗೂ ಹೋದೆ.

ಏರಿಯ ಮೇಲೆ ಗೊರವಂಕಗಳು ಆಗಲೇ ಕಾಯುತ್ತಿದ್ದವು. ನನ್ನನ್ನು ನೋಡಿ ಒಂದೂ ಹಾರಲಿಲ್ಲ. ಹೊಂಗೆ ಮರದಿಂದ ಮಳೆಹನಿ ತೊಟ್ಟಿಕ್ಕುತ್ತಿತ್ತು. ಕುಕ್ಕರಗಾಲಲ್ಲಿ ಕೂತು ರೊಟ್ಟಿ ಚೆಲ್ಲಿ ನೆಲ ಮುಟ್ಟಿದೆ. ಯಮನೂರ ಹೋದ ಮೇಲೆ ಕೂಲಿ ಮಾಡುವಾಗ ಬಿಟ್ಟರೆ ಮಣ್ಣು ಮುಟ್ಟಿರಲಿಲ್ಲ. ಮೆತ್ತಗಿತ್ತು. ಬೆಚ್ಚಗೂ ಇತ್ತು. ನನ್ನಂಥ ಕೆಟ್ಟವಳ ಕೈಯನ್ನೂ ಅದು ತಳ್ಳಲಿಲ್ಲ. ಅಲ್ಲೇ ಬೋರಲು ಬಿದ್ದು ಅತ್ತೆ. ಯಾರೋ ಬೆನ್ನ ಮೇಲೆ ಕೈ ಆಡಿಸಿದಂತಾಯಿತು. ಯಾರೂ ಇರಲಿಲ್ಲ. ದೇವರು ಎನ್ನದೆ ಏನೆನ್ನಲಿ? ಹಾಗೇ ಕಣ್ಣು ಹತ್ತಿತು. ಎದ್ದಾಗ ಬಿಸಿಲು ನೆತ್ತಿಗೆ ಬಂದಿತ್ತು, ಕೂಲಿ ತಪ್ಪಿತ್ತು. ಹಕ್ಕಿಗಳು ರೊಟ್ಟಿ ಮುಗಿಸಿದ್ದವು.

ಹೋಗಿ ಹೊಳೆವ್ವನಿಗೆ ಹೇಳಿದೆ. "ಪಿಳ್ಳಮ್ಮಂಗ ಹಚ್ಚಿಕೊಟ್ಟಾಕಿ ನಾನ."

"ಗೊತ್ತೈತಿ. ಗಂಜಿ ಕಾಸು, ಹಸಿವ್ಯಾಗೈತಿ."

ಈಗ ಇಬ್ಬರೂ ಏರಿಗೆ ಹೋಗುತ್ತೇವೆ. ನಾನು ಚೆಲ್ಲಿದ್ದು ಬಿಟ್ಟು ಗೊರವಂಕಗಳು ಅವಳ ಕಡೆ ಓಡಿದರೆ ಇವತ್ತಿಗೂ ನನಗೆ ಹೊಟ್ಟೆಕಿಚ್ಚು ತಡೆಯಲಾಗುವುದಿಲ್ಲ.