ಬಾಟಲಿಯ ನೀರು ಚೆಲ್ಲಿದವಳು

ಸುಮಾ, ನಿನ್ನ ಹಾಸಿಗೆಯ ಪಕ್ಕದ ಬಾಟಲಿಯ ನೀರನ್ನು ಚೆಲ್ಲುತ್ತಿದ್ದವಳು ನಾನು, ನಿನ್ನ ಅತ್ತೆ. ರಾತ್ರಿ ಊಟವಾಗಿ ನೀನು ಪಾತ್ರೆ ತೊಳೆಯುತ್ತಿರುವಾಗ ಕೋಣೆಗೆ ಹೋಗಿ, ನೀರನ್ನು ಬಚ್ಚಲಿಗೆ ಸುರಿದು, ಮುಚ್ಚಳ ಬಿಗಿಮಾಡಿ, ಇದ್ದಲ್ಲೇ ಇಡುತ್ತಿದ್ದೆ.

ಏಕೆ ಎಂದರೆ — ಅಲ್ಲೇ ತಡವರಿಸುತ್ತೇನೆ. ಸಿದ್ದಾಪುರದ ಹಾಸ್ಟೆಲಿನಲ್ಲಿ ವಾರ್ಡನ್ ಆಗಿದ್ದಾಗ ರಾತ್ರಿ ಊಟದ ನಂತರ ಹುಡುಗಿಯರಿಗೆ ನೀರಿಲ್ಲ. ಹಾಸಿಗೆ ಒದ್ದೆಯಾಗಬಾರದು, ದೀಪ ಆರಿದ ಮೇಲೆ ಯಾರೂ ಏಳಬಾರದು. ಶಿರಸಿಯ ಈ ಮನೆಗೂ ಅದೇ ಶಿಸ್ತು ತಂದೆ. ನಿನ್ನ ಮಗಳು ಪುಟ್ಟಿ ಆಗಲೇ ನಡೆಯುತ್ತಿದ್ದಳು, ಅನ್ನ ತಿನ್ನುತ್ತಿದ್ದಳು. ಆದರೂ ರಾತ್ರಿಯಿಡೀ ನಿನ್ನ ಎದೆಗೇ ಅಂಟಿಕೊಂಡಿರುತ್ತಿದ್ದಳು. ನೀನು ನೀರು ಕುಡಿಯದಿದ್ದರೆ ಹಾಲು ಬತ್ತೀತು, ಮಗು ಸುಮ್ಮನೆ ಮಲಗೀತು ಎಂದುಕೊಂಡೆ. ನಿನಗೂ ನಿದ್ದೆಯಾಗಲಿ ಎಂದು — ಇಲ್ಲ, ಅದು ಪೂರ್ತಿ ನಿಜವೋ ಅಲ್ಲವೋ ತಿಳಿಯದು. "ಕೂಸು ತಾನಾಗಿ ಬಿಡವರೆಗೂ ಕೊಡ್ತೆ ಅತ್ತೆ, ಎಂತ ಅರ್ಜೆಂಟು?" ಎಂದು ನೀನು ನಕ್ಕಿದ್ದೆ. ಕೆಲಸಕ್ಕಾಗಿ ನಾನು ನನ್ನ ಮಗನಿಗೆ ಬೇಗ ಹಾಲು ಬಿಡಿಸಿದವಳು. ಆ ನಗು ಚುಚ್ಚಿತ್ತೇ? ಇರಬಹುದು.

ನೀನು ಎದ್ದು ನೀರು ತರುವಂತಿರಲಿಲ್ಲ. ತೋಳು ಸರಿಸಿದರೆ ಪುಟ್ಟಿ ಎಚ್ಚರಾಗಿ ಅಳುತ್ತಿದ್ದಳು. ನೀನು ಒಣಗಿದ ಬಾಯಲ್ಲೇ ಬೆಳಗು ಮಾಡುತ್ತಿದ್ದೆ.

"ಅತ್ತೆ, ಆನು ತುಂಬಿಟ್ಟಿದ್ನಲೆ? ಮತ್ತೆ ಖಾಲಿ ಇದ್ದು. ನನ್ ತಲೆಗೆ ಎಂತ ಆಯ್ದು?"

"ಮರ್ತೋಗಿಕ್ಕು," ಎಂದೆ. "ನಿದ್ದೆಗೆಟ್ಟವ್ಕೆ ಹಾಂಗೇ ಆಗ್ತು."

ನೀರು ಚೆಲ್ಲಿದ್ದಕ್ಕಿಂತ ಈ ಮಾತೇ ದೊಡ್ಡ ತಪ್ಪು ಎಂದು ಆಗ ಹೊಳೆಯಲಿಲ್ಲ. ನಿನಗೆ ಚಳಿಜ್ವರ ಬಂತು. ಮೂತ್ರದ ಸೋಂಕು ಎಂದರು. "ನೀರು ಕಮ್ಮಿಯಾಗಿದೆ. ಹಾಲು ಕೊಡೋವಾಗ ಬಾಯಾರ್ತದೆ, ಪಕ್ಕದಲ್ಲೇ ಇಟ್ಕೊಳ್ಳಿ," ಎಂದು ಡಾಕ್ಟರು ಬೈದಾಗ ನೀನು ತಲೆತಗ್ಗಿಸಿ, "ಮರ್ತೋಗ್ತು" ಎಂದೆ. ನಾನು ಪಕ್ಕದಲ್ಲೇ ನಿಂತಿದ್ದೆ.

ಅಂದಿನಿಂದ ಚೆಲ್ಲಲಿಲ್ಲ. ಆದರೆ ಆಸ್ಪತ್ರೆಯಿಂದ ಮನೆಗೆ ಬಂದ ದಿನ ನೀನು, "ಇನ್ ಮೇಲೆ ನೀರು ನಿಂಗ ತುಂಬಿಡಿ ಅತ್ತೆ, ನನ್ ತಲೆ ನಂಬಲೆ ಬತ್ತಿಲ್ಲೆ," ಎಂದೆಯಲ್ಲ — ಅದನ್ನೂ ಒಪ್ಪಿಕೊಂಡೆ. ನಂದೊಳ್ಳಿಯಿಂದ ಬಂದ ನಿನ್ನ ಅಮ್ಮನ ಮುಂದೆ ನೀನು ನನ್ನನ್ನು ಹೊಗಳಿದೆ. ನಾನು ಚಹಾ ಸೋಸುತ್ತಾ ಕೇಳಿಸಿಕೊಂಡೆ.

ಆಮೇಲೆ ನೀನು ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಮತ್ತೆ ಮತ್ತೆ ನೋಡತೊಡಗಿದೆ. ಬೀಗದ ಕೈ ನನಗೇ ಕೊಟ್ಟೆ. ಪುಟ್ಟಿ ಹಾಲು ಬಿಟ್ಟು ಎಷ್ಟೋ ಕಾಲವಾಯಿತು, ಈಗ ತನ್ನ ನೀರಿನ ಬಾಟಲಿ ತಾನೇ ಹಿಡಿದು ಅಂಗನವಾಡಿಗೆ ಹೋಗುತ್ತಾಳೆ. ನಿನ್ನ ಮೇಲೆ ನಿನಗೇ ಇದ್ದ ಅನುಮಾನ ಮಾತ್ರ ಹೋಗಲಿಲ್ಲ. ನೀನು ಮೊದಲು ಪಾಠ ಮಾಡುತ್ತಿದ್ದ ಶಾಲೆಯವರು ಮತ್ತೆ ಕರೆದಿದ್ದಾರೆ. ನಿನ್ನೆ ಗಂಡನಿಗೆ ನೀನು ಹೇಳುತ್ತಿದ್ದೆ: "ಬ್ಯಾಡ. ಮರೆಯೋಳ ಕೈಲಿ ಯಾರ್ದೋ ಮಕ್ಕಳನ್ನ ಎಂತಕ್ಕೆ ಕೊಡವು?"

ಹಾಸ್ಟೆಲಿನ ಆ ಹುಡುಗಿಯರೂ ಬಾಯಾರಿ ಮಲಗಿದ್ದರೇ? ಅದನ್ನು ಕೇಳುವ ದಾರಿ ಈಗಿಲ್ಲ. ನೀನು ಎದುರಿಗೇ ಇದ್ದೀಯ.

ಇಂದು ನೀನು ಶಾಲೆಗೆ ಫೋನು ಮಾಡುವ ಮೊದಲು ನಿನ್ನೆದುರು ಕೂತು ಇದಿಷ್ಟನ್ನೂ ಹೇಳುತ್ತೇನೆ. ಪುಟ್ಟಿಯನ್ನು ಕರೆದುಕೊಂಡು ತವರಿಗೆ ಹೊರಟರೆ ತಡೆಯುವುದಿಲ್ಲ. ಆದರೆ ಶಾಲೆಗೆ ಬೇಡ ಎನ್ನಬೇಡ. ನೀನು ಒಂದು ರಾತ್ರಿಯೂ ಮರೆತಿರಲಿಲ್ಲ.